ನಮ್ಮ ಟಾಪಿಕ್ ಬೇರೆಯವ್ರು ಆಗ್ಲೇ ಪಬ್ಲಿಷ್ ಮಾಡ್ಬಿಟ್ಟಿದಾರೆ, ಈಗೇನ್ ಮಾಡೋದು?

ಪಿಎಚ್‌ಡಿ ಸಿನಾಪ್ಸಿಸ್ (ಸಂಶೋಧನೆಯ ಸಾರಾಂಶ) ಕೊಡೋ ಟೈಮ್ ಹತ್ರ ಬಂತು ಅಂದ್ರೆ ದಾವಣಗೆರೆ ಯೂನಿವರ್ಸಿಟಿ ಕ್ಯಾಂಪಸ್ ಶಿವಗಂಗೋತ್ರಿಯಿಂದಾನೋ ಚಿತ್ರದುರ್ಗದ ಪಿಜಿ ಸೆಂಟರ್‌ನಿಂದಾನೋ ಯಾರಾದ್ರೂ ಒಬ್ರು ಫೋನ್ ಮಾಡೇ ಮಾಡ್ತಾರೆ, ವಿಷ್ಯ ಮಾತ್ರ ಅದೇ. "ಅಣ್ಣ, ನಾನ್ ಮಾಡ್ತಿರೋದನ್ನೇ ಇನ್ಯಾರೋ ಮಾಡಿ ಪೇಪರ್ ಹಾಕ್ಬಿಟ್ಟಿದಾರೆ, ನಂದೆಲ್ಲ ಹೋಯ್ತಲ್ಲ, ಟಾಪಿಕ್ ಚೇಂಜ್ ಮಾಡ್ಲಾ?" ಒಬ್ಬೊಬ್ರಿಗೂ ಅರ್ಧರ್ಧ ಗಂಟೆ ಅದನ್ನೇ ಹೇಳೋ ಬದ್ಲು ಒಂದ್ಸಲ ಪೂರ್ತಿ ಬರೆದಿಡೋಣ ಅಂತ ಕೂತಿದೀನಿ. ಸೈನ್ಸ್‌ನೋರಿಗೂ ಕನ್ನಡ, ಹಿಸ್ಟರಿ, ಸೋಷಿಯಾಲಜಿ ಮಾಡೋರಿಗೂ ಇದು ಆಗ್ತದೆ, ಎಲ್ಲಿ ಬೇರೆ ಬೇರೆ ಆಗ್ತದೋ ಅಲ್ಲಿ ಹೇಳ್ತೀನಿ.

ಮೊದ್ಲೇ ಒಂದು ಮಾತು. ಹತ್ರತ್ರ ಒಂದೇ ಟೈಮಲ್ಲಿ ಇಬ್ರು ಒಂದೇ ವಿಷ್ಯ ಹಿಡಿಯೋದು ಸಂಶೋಧನೆಯಲ್ಲಿ ಮಾಮೂಲು. ಸಿ.ವಿ. ರಾಮನ್ ಅವ್ರು ಕಲ್ಕತ್ತಾದಲ್ಲಿ 1928ರ ಫೆಬ್ರವರಿ 28ಕ್ಕೆ ಬೆಳಕಿನ ಚದುರುವಿಕೆಯ ಆ ಪರಿಣಾಮ ಕಂಡ್ರು, ಅದೇ ಫೆಬ್ರವರಿಯಲ್ಲೇ ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತೆ ಮ್ಯಾಂಡೆಲ್‌ಸ್ಟಾಮ್ ಸ್ಫಟಿಕದಲ್ಲಿ ಅದನ್ನೇ ನೋಡಿದ್ರು. ರಾಮನ್ ಬೇಗ ಪ್ರಕಟಿಸಿದ್ರು, 1930ರ ನೊಬೆಲ್ ಅವರಿಗೆ ಬಂತು. ಆದ್ರೆ ರಷ್ಯನ್ನರ ಕೆಲ್ಸ ಏನು ಕಸಕ್ಕೆ ಹೋಗಲಿಲ್ಲ, ದ್ರವದಲ್ಲಿ ಕಂಡಿದ್ದು ಘನದಲ್ಲೂ ಇದೆ ಅಂತ ಅದು ಗಟ್ಟಿ ಮಾಡ್ತು. ನಮ್ಮ ಜಗಳೂರಿನ ಬೋರ್‌ವೆಲ್ ನೀರಿನ ಮೇಲೆ ಕೆಲ್ಸ ಮಾಡೋರಿಗೂ ಇದೇ ಲೆಕ್ಕ.

ಏನೇನ್ ಬೇಕು

ಆ ಇನ್ನೊಬ್ರ ಪೇಪರಿನ ಪೂರ್ತಿ ಪಿಡಿಎಫ್ (ಬರೀ ಅಬ್‌ಸ್ಟ್ರಾಕ್ಟ್ ಸಾಲಲ್ಲ), ನಿಮ್ಮ ಸಿನಾಪ್ಸಿಸ್ ಕಾಪಿ, ನಿಮ್ಮ ಫೀಲ್ಡ್ ಬುಕ್ಕು ಇಲ್ಲಾ ಲ್ಯಾಬ್ ನೋಟ್‌ಬುಕ್ಕು ತಾರೀಖು ಸಮೇತ, ಎರಡು ದೊಡ್ಡ ಹಾಳೆ, ಮತ್ತೆ ಯಾರೂ ಮಾತಾಡಿಸದೇ ಇರೋ ಒಂದು ಸಂಜೆ. ಪಿಡಿಎಫ್ ದುಡ್ಡು ಕೇಳ್ತಿದ್ರೆ ಲೈಬ್ರರಿಯೋರನ್ನ ಕೇಳ್ರಿ, ಅವ್ರ ಹತ್ರ ಇಲ್ದಿದ್ರೆ ಬರೆದವರಿಗೇ ಒಂದು ಮೇಲ್ ಹಾಕಿದ್ರೆ ಬಹಳ ಸಲ ಕಳಿಸಿಬಿಡ್ತಾರೆ.

1. ಮೊದಲ ರಾತ್ರಿ ಏನೂ ಮಾಡ್ಬೇಡ್ರಿ

ಆ ಟೈಟಲ್ ಕಣ್ಣಿಗೆ ಬಿದ್ದಾಗ ಎದೆ ಧಸಕ್ ಅಂತದೆ, ನಂಗೂ ಆಗಿತ್ತು, ರಾತ್ರಿ ಹನ್ನೊಂದೂವರೆಗೆ ಹಾಸ್ಟೆಲ್ ರೂಮಲ್ಲಿ ಫೋನ್ ಸ್ಕ್ರೀನ್ ಮೇಲೆ ನನ್ನ ಟೈಟಲ್ಲೇ ಬೇರೆಯವ್ರ ಹೆಸರಿನ ಕೆಳಗೆ ಕಂಡಂಗಾಯ್ತು. ಆ ಹೊತ್ತಲ್ಲಿ ತಗೊಂಡ ತೀರ್ಮಾನ ಒಂದೂ ಸರಿ ಇರೋದಿಲ್ಲ. ಗೈಡ್‌ಗೆ ಮಧ್ಯರಾತ್ರಿ ಮೆಸೇಜ್ ಹಾಕೋದು, ಫೈಲ್ ಡಿಲೀಟ್ ಮಾಡೋದು, ವಾಟ್ಸಾಪ್ ಸ್ಟೇಟಸ್‌ನಲ್ಲಿ "ನನ್ನ ಕೆಲಸ ಕದ್ರು" ಅಂತ ಹಾಕೋದು, ಇವು ಮೂರೂ ಬೇಡ. ಪಿಡಿಎಫ್ ಸೇವ್ ಮಾಡಿ, ಸಿಕ್ಕ ತಾರೀಖು ನೋಟ್‌ಬುಕ್ಕಲ್ಲಿ ಬರೆದು ಮಲಕ್ಕಳ್ರಿ. "ಇಂಥ ದಿನ ಈ ಪೇಪರ್ ನೋಡಿದೆ" ಅನ್ನೋ ಆ ಒಂದು ಸಾಲು ಮುಂದೆ ಬಹಳ ಉಪಯೋಗಕ್ಕೆ ಬರ್ತದೆ, ಅದಕ್ಕಿಂತ ಹಿಂದಿನ ಪುಟಗಳೆಲ್ಲ ನೀವು ಸ್ವಂತ ಮಾಡಿದ್ದು ಅನ್ನೋದಕ್ಕೆ ಸಾಕ್ಷಿ ಅದು.

2. ಕಡೇ ಪುಟದ ತನಕ ಓದ್ರಿ

ಟೈಟಲ್ ಒಂದೇ ಇದ್ದು ಒಳಗೆ ಬೇರೇನೇ ಇರೋದು ಬಹಳ ಸಲ ನೋಡಿದೀನಿ. ಅದಕ್ಕೆ ಓದೋ ಕ್ರಮ ತಿರುಗಿಸ್ರಿ: ಮೊದ್ಲು ಮೆಥಡ್ಸ್ ಭಾಗ, ಆಮೇಲೆ ಟೇಬಲ್‌ಗಳು, ಆಮೇಲೆ "ಈ ಅಧ್ಯಯನದ ಮಿತಿಗಳು" ಅಂತ ಇರ್ತದಲ್ಲ ಅದು, ಕಡೆಗೆ ಇಂಟ್ರೊಡಕ್ಷನ್. ಮಿತಿಗಳ ಭಾಗ ಎರಡು ಸಲ ಓದ್ರಿ, ಅವರು ಏನು ಮಾಡ್ಲಿಕ್ಕೆ ಆಗ್ಲಿಲ್ಲ ಅಂತ ಅವರೇ ಬರೆದಿರ್ತಾರೆ, ನಿಮ್ಮ ಜಾಗ ಬಹಳ ಸಲ ಅಲ್ಲೇ ಇರ್ತದೆ.

ಮೊದಲ ಪುಟದಲ್ಲೋ ಕಡೇ ಪುಟದಲ್ಲೋ ಸಣ್ಣಕ್ಷರದಲ್ಲಿ ರಿಸೀವ್ಡ್, ಆಕ್ಸೆಪ್ಟೆಡ್ ಅಂತ ತಾರೀಖು ಇರ್ತವೆ, ಬರ್ಕೊಳ್ರಿ. ಅದು ಪ್ರಿಪ್ರಿಂಟಾ ನೋಡ್ರಿ. ಪ್ರಿಪ್ರಿಂಟ್ ಅಂದ್ರೆ ಬೇರೆ ತಜ್ಞರು ಪರಿಶೀಲನೆ ಮಾಡೋಕೆ ಮುಂಚೆನೇ ಬರೆದವರು ಆನ್‌ಲೈನಲ್ಲಿ ಹಾಕಿದ ಪ್ರತಿ, ಫಿಸಿಕ್ಸ್, ಮ್ಯಾಥ್ಸ್‌ನೋರಿಗೆ 1991ರಿಂದ ಆರ್ಕೈವ್ ಐತೆ, ಬಯಾಲಜಿಯೋರಿಗೆ 2013ರಿಂದ ಬಯೋಆರ್ಕೈವ್. ಡಿಒಐ ಅಂತ ಒಂದು ನಂಬರ್ ಇರ್ತದೆ, ಅದು ಆ ಪೇಪರಿನ ಖಾಯಂ ವಿಳಾಸ, ಲಿಂಕ್ ಬದಲಾದ್ರೂ ಅದು ಬದಲಾಗಲ್ಲ, ಅದನ್ನೂ ಬರ್ಕೊಳ್ರಿ.

3. ಎರಡೂ ಕೆಲ್ಸ ಅಕ್ಕಪಕ್ಕ ಇಟ್ಟು ತಾಳೆ ನೋಡ್ರಿ

ಇಡೀ ಲೇಖನದಲ್ಲಿ ಇದೊಂದೇ ಮಾಡಿದ್ರೂ ಸಾಕು ಅಂತೀನಿ. ಹಾಳೆ ಅಡ್ಡ ಇಟ್ಕೊಂಡು ಮೂರು ಕಾಲಂ ಎಳೀರಿ, ಎಡಕ್ಕೆ ಅವ್ರು, ನಡುವೆ ನೀವು, ಬಲಗಡೆ ಖಾಲಿ. ಸಾಲುಗಳು ಇವು: ಪ್ರಶ್ನೆ ಏನು, ಎಲ್ಲಿ, ಯಾವಾಗ, ಎಷ್ಟು ಸ್ಯಾಂಪಲ್, ಹೆಂಗೆ ಅಳೆದ್ರು, ಯಾವ ಲೆಕ್ಕಾಚಾರ, ಏನ್ ಸಿಕ್ತು, ಏನ್ ಬಿಟ್ರು. ಮೊಬೈಲಲ್ಲಿ ಮಾಡಬ್ಯಾಡ್ರಿ, ಪೆನ್ನಲ್ಲೇ ಬರೀರಿ, ಕಣ್ಣಿಗೆ ಒಟ್ಟಿಗೆ ಕಾಣಬೇಕು.

ನಮ್ಮ ಕಡೆ ತುಂಬ ಜನ ಹಿಡಿಯೋ ಟಾಪಿಕ್ಕೇ ಉದಾಹರಣೆ ತಗೊಳ್ಳೋಣ, ಕುಡಿಯೋ ನೀರಲ್ಲಿ ಫ್ಲೋರೈಡ್. ನೀವು ಜಗಳೂರು ತಾಲ್ಲೂಕಿನ ಬೋರ್‌ವೆಲ್ ಮೇಲೆ ಮಾಡ್ತಿದೀರಿ, ಅದೇ ತಾಲ್ಲೂಕಿನ ಮೇಲೆ ಒಂದು ಪೇಪರ್ ಸಿಕ್ತು ಅಂದ್ಕೊಳ್ರಿ. ಹಾಳೆ ತುಂಬ್ತಾ ಹೋದ್ರೆ ಏನ್ ಕಾಣ್ತದೆ ನೋಡ್ರಿ. ಅವ್ರು ಸ್ಯಾಂಪಲ್ ತಗೊಂಡಿದ್ದು ಬರೀ ಬೇಸಿಗೆಯಲ್ಲಿ, ನೀವು ಬೇಸಿಗೆ ಮತ್ತೆ ಮಳೆ ಮುಗಿದ ಮೇಲೆ ಎರಡು ಸಲ. ಅವ್ರು ಅಳೆದಿದ್ದು ಸ್ಪ್ಯಾಡ್ನ್ಸ್ (SPADNS) ವಿಧಾನದಲ್ಲಿ, ಅಂದ್ರೆ ಬಣ್ಣ ಎಷ್ಟು ತಿಳಿಯಾಯ್ತು ಅನ್ನೋದ್ರ ಮೇಲೆ; ನೀವು ಐಯಾನ್ ಸೆಲೆಕ್ಟಿವ್ ಎಲೆಕ್ಟ್ರೋಡ್‌ನಲ್ಲಿ, ಅಂದ್ರೆ ನೀರೊಳಗೆ ಅದ್ದಿ ನೇರ ಫ್ಲೋರೈಡ್ ಓದೋ ಕಡ್ಡಿಯಲ್ಲಿ. ಅವ್ರು ಬೋರ್ ಆಳ ಬರೆದಿಲ್ಲ, ನೀವು ಒಂದೊಂದು ಬೋರಿಗೂ ಎಷ್ಟು ಅಡಿ ಅಂತ ಮಾಲೀಕರನ್ನ ಕೇಳಿ ಬರ್ಕೊಂಡಿದೀರಿ. ಅವ್ರು 1.5 ಮಿಲಿಗ್ರಾಂ ದಾಟಿದ ಹಳ್ಳಿ ಯಾವ್ಯಾವು ಅಂತ ಪಟ್ಟಿ ಕೊಟ್ಟು ನಿಲ್ಲಿಸಿದಾರೆ (ಬಿಐಎಸ್ ಅನ್ನೋ ದೇಶದ ಮಾನಕ ಸಂಸ್ಥೆ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲ ಇಲ್ದಿದ್ರೆ 1.5 ತನಕ ಸಹಿಸಬಹುದು), ನೀವು ಅದೇ ಹಳ್ಳಿಯ ಶುದ್ಧ ನೀರಿನ ಘಟಕದ ನಲ್ಲಿಯಿಂದಲೂ ಒಂದು ಬಾಟ್ಲಿ ಹಿಡ್ಕೊಂಡು ಬಂದಿದೀರಿ.

ಈಗ ಬಲಗಡೆ ಖಾಲಿ ಕಾಲಂ ತುಂಬ್ರಿ, ಸಾಲಿಗೊಂದು ಮಾತು: "ಅದೇ", "ಬೇರೆ", "ನಂದು ಮಾತ್ರ". ಮೇಲಿನ ಉದಾಹರಣೆಯಲ್ಲಿ ಪ್ರಶ್ನೆಯ ಅರ್ಧ "ಅದೇ" ಆಯ್ತು, ಆದ್ರೆ ಸೀಸನ್ನು, ಆಳ, ಘಟಕದ ನೀರು ಮೂರೂ "ನಂದು ಮಾತ್ರ". ಥೀಸಿಸ್ ಕುಂತಿರೋದು ಆ ಮೂರರ ಮೇಲೆ. ಆಳ ಜಾಸ್ತಿ ಆದಂಗೆ ನೀರು ಕಲ್ಲಿನ ಜೊತೆ ಜಾಸ್ತಿ ಹೊತ್ತು ಇರ್ತದೆ, ಗ್ರಾನೈಟು, ನೈಸ್ (gneiss) ಅನ್ನೋ ಜಾತಿ ಕಲ್ಲಿನಿಂದ ಫ್ಲೋರೈಡ್ ಬಿಡ್ತದೆ, ಹಂಗಾಗಿ ಆಳದ ಅಂಕಿ ಇಟ್ಕೊಂಡಿರೋ ನೀವು "ಯಾಕೆ" ಅನ್ನೋದಕ್ಕೆ ಉತ್ತರ ಹುಡುಕ್ಬಹುದು, ಅವ್ರು "ಎಲ್ಲಿ" ಅಂತ ಮಾತ್ರ ಹೇಳಿದಾರೆ.

ಎಚ್ಚರಿಕೆ: ಈ ಹಾಳೆಯಲ್ಲಿ ನಿಮಗೆ ನೀವೇ ಸುಳ್ಳು ಹೇಳ್ಕೋಬ್ಯಾಡ್ರಿ. ಅವ್ರು ಮೂವತ್ತು ಸ್ಯಾಂಪಲ್ ತಗೊಂಡಿದಾರೆ, ನಾನು ಮೂವತ್ತೈದು, ಅದಕ್ಕೆ ಬೇರೆ ಅಂತ ಬರ್ದ್ರೆ ವೈವಾದಲ್ಲಿ ಮೊದಲ ಪ್ರಶ್ನೆಗೇ ಸಿಕ್ಕಿಬೀಳ್ತೀರಿ.

ಕನ್ನಡ, ಇತಿಹಾಸದೋರಿಗೆ ಸಾಲುಗಳ ಹೆಸರು ಬದಲಾಗ್ತವೆ ಅಷ್ಟೆ: ಯಾವ ಶಾಸನ, ಯಾವ ಪಾಠ (ಒಂದೇ ಹಾಡು ಇಲ್ಲಾ ಕೃತಿಯ ಬೇರೆ ಬೇರೆ ರೂಪದಲ್ಲಿ ಯಾವುದು), ಯಾರ ಬಾಯಿಂದ ಕೇಳಿದ್ದು, ಯಾವ ಊರಲ್ಲಿ, ಯಾವ ವರ್ಷ. ಚಳ್ಳಕೆರೆ ಸೀಮೆಯ ಮ್ಯಾಸಬೇಡ ಸಮುದಾಯದ ಪದಗಳ (ಹಾಡುಗಳ) ಮೇಲೆ ಹತ್ತು ಪುಸ್ತಕ ಇರಬಹುದು, ಆದ್ರೆ ನೀವು ಕೂತು ರೆಕಾರ್ಡ್ ಮಾಡಿದ ಅಜ್ಜಿ ಹಾಡಿದ ಪಾಠ ಅವ್ರ ಪುಸ್ತಕದಲ್ಲಿ ಇದೆಯಾ ಅನ್ನೋದು ಪ್ರಶ್ನೆ.

4. ಎಷ್ಟು ಮುಟ್ಟಿದೆ ಅಂತ ತೀರ್ಮಾನ ಮಾಡ್ರಿ

ಟೈಟಲ್ ಮಾತ್ರ ಒಂದೇ ಆಗಿದ್ರೆ ಒಂದು ಪ್ಯಾರಾ ಸೇರ್ಸಿ ಮುಂದೆ ಹೋಗ್ರಿ. ವಿಧಾನ ಒಂದೇ, ಊರು ಬೇರೆ ಆಗಿದ್ರೆ ಅದು ನಿಮಗೆ ಬಲ, ಹೋಲಿಸೋಕೆ ಒಂದು ಕಡೆ ಸಿಕ್ತು. ಪ್ರಶ್ನೆ ಒಂದೇ ಇದ್ದು ಉತ್ತರ ಬೇರೆ ಬಂದಿದ್ರೆ ಎಲ್ಲಕ್ಕಿಂತ ಒಳ್ಳೇದು, ಯಾಕೆ ಬೇರೆ ಬಂತು ಅನ್ನೋದೇ ಒಂದು ಅಧ್ಯಾಯ ಆಗ್ತದೆ. ಪ್ರಶ್ನೆ, ಊರು, ವಿಧಾನ, ಉತ್ತರ ನಾಲ್ಕೂ ಒಂದೇ ಆಗಿದ್ರೆ ಮಾತ್ರ ದಿಕ್ಕು ತಿರುಗಿಸ್ಬೇಕು, ಅದೂ ಪೂರ್ತಿ ಟಾಪಿಕ್ ಬಿಡೋದಲ್ಲ, ಒಂದು ಉದ್ದೇಶ ಕಿತ್ತು ಇನ್ನೊಂದು ಹಾಕೋದು. 2022ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದ ಪ್ರಕಾರ ಪಿಎಚ್‌ಡಿಗೆ ಕಮ್ಮಿ ಅಂದ್ರೆ ಮೂರು ವರ್ಷ, ಜಾಸ್ತಿ ಅಂದ್ರೆ ಆರು, ಮರು ನೋಂದಣಿ ಮಾಡಿಸಿದ್ರೆ ಇನ್ನೂ ಎರಡು. ನೀವು ಈಗ ಎಷ್ಟನೇ ವರ್ಷದಲ್ಲಿದೀರಿ ಅನ್ನೋದನ್ನ ಹಾಳೆ ಮೂಲೆಯಲ್ಲಿ ಬರ್ದು ಆಮೇಲೆ ಟಾಪಿಕ್ ಬದಲಾವಣೆ ಮಾತಾಡ್ರಿ.

5. ಒಂದೇ ಸಿಕ್ಕಿದೆ ಅಂದ್ರೆ ಇನ್ನೂ ಇರ್ತವೆ, ಈಗಲೇ ಹುಡುಕ್ರಿ

ಹೆಚ್ಚಿನ ಜನ ಎಡವೋದು ಇಲ್ಲೇ. ನಮ್ಮ ಜಿಲ್ಲೆಗಳ ಹೆಸರು, ಗಡಿ, ಯೂನಿವರ್ಸಿಟಿ ಎಲ್ಲ ಬದಲಾಗಿವೆ, ಹಳೇ ಹೆಸರಲ್ಲಿ ಹುಡುಕದಿದ್ರೆ ಹಳೇ ಕೆಲ್ಸ ಕಾಣೋದೇ ಇಲ್ಲ.

ದಾವಣಗೆರೆ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕಿಂತ ಮುಂಚೆ ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿದ್ವು. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಲ್ಲಿ. ಹರಪನಹಳ್ಳಿ ಬಳ್ಳಾರಿಯಲ್ಲಿ, ಅದು ದಾವಣಗೆರೆಗೆ ಬಂದು, ವಾಪಸ್ ಬಳ್ಳಾರಿಗೆ ಹೋಗಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಹಂಗಾಗಿ 1985ರಲ್ಲಿ ಸೂಳೆಕೆರೆ ಮೇಲೆ ಯಾರೋ ಕೆಲ್ಸ ಮಾಡಿದ್ರೆ ಅದು ಶಿವಮೊಗ್ಗ ಜಿಲ್ಲೆ ಅಂತ ಇರ್ತದೆ, ದಾವಣಗೆರೆ ಅಂತ ಹಾಕಿದ್ರೆ ಸಿಗೋದಿಲ್ಲ. ಸೂಳೆಕೆರೆಗೆ ಶಾಂತಿಸಾಗರ ಅಂತಲೂ ಹುಡುಕ್ಬೇಕು, ವಾಣಿವಿಲಾಸ ಸಾಗರಕ್ಕೆ ಮಾರಿಕಣಿವೆ ಅಂತಲೂ.

ಸ್ಪೆಲಿಂಗ್ ಬೇರೆ. ಇಂಗ್ಲಿಷಲ್ಲಿ ದಾವಣಗೆರೆಯನ್ನ ನಡುವೆ ಒಂದು 'ಎ' ಹಾಕಿ ಒಬ್ರು ಬರೀತಾರೆ, ಹಾಕದೇ ಇನ್ನೊಬ್ರು, ನಮ್ಮ ಯೂನಿವರ್ಸಿಟಿ ಹೆಸರಲ್ಲೇ ಆ 'ಎ' ಇಲ್ಲ. ಚಿತ್ರದುರ್ಗ ಬ್ರಿಟಿಷರ ಕಾಲದ ಬರಹದಲ್ಲಿ ಚಿತಲ್‌ದ್ರೂಗ್, ಶಾಸನ ಓದೋರಿಗೆ ಬೇಕಾದ ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟ ಆ ಹೆಸರಲ್ಲೇ ಐತೆ. ಎಲ್ಲಾ ಸ್ಪೆಲಿಂಗ್ ಒಂದು ಕಡೆ ಪಟ್ಟಿ ಮಾಡಿ ಒಂದೊಂದೇ ಹಾಕಿ ನೋಡ್ರಿ.

ಯೂನಿವರ್ಸಿಟಿ ವಿಷ್ಯ. ದಾವಣಗೆರೆ ವಿಶ್ವವಿದ್ಯಾಲಯ ಶುರು ಆಗಿದ್ದು 2009ರಲ್ಲಿ, ಅದಕ್ಕೂ ಮುಂಚೆ ನಮ್ಮ ಕಾಲೇಜುಗಳು ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದ್ವು, ಅದು 1987ರದು, ಅದಕ್ಕೂ ಹಿಂದೆ ಮೈಸೂರು. ಅಂದ್ರೆ ನಮ್ಮೂರಿನ ಮೇಲಿನ ಹಳೇ ಥೀಸಿಸ್‌ಗಳು ಕುವೆಂಪು ಯೂನಿವರ್ಸಿಟಿ ಇರೋ ಶಂಕರಘಟ್ಟದಲ್ಲೂ ಮೈಸೂರಲ್ಲೂ ಇರ್ತವೆ. ಶೋಧಗಂಗಾದಲ್ಲಿ (ದೇಶದ ಪಿಎಚ್‌ಡಿ ಥೀಸಿಸ್‌ಗಳನ್ನ ಒಂದು ಕಡೆ ಇಡೋ ಜಾಗ, ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸ್ತದೆ) ಈ ಮೂರೂ ಯೂನಿವರ್ಸಿಟಿ ಹೆಸರಲ್ಲಿ ಹುಡುಕ್ರಿ, ಕರ್ನಾಟಕ ವಿಶ್ವವಿದ್ಯಾಲಯ ಧಾರವಾಡ, ಹಂಪಿ ಕನ್ನಡ ವಿಶ್ವವಿದ್ಯಾಲಯ ಮರೀಬ್ಯಾಡ್ರಿ. ಶೋಧಗಂಗೋತ್ರಿ ಅಂತ ಇನ್ನೊಂದು ಐತೆ, ಅಲ್ಲಿ ಇನ್ನೂ ಮುಗೀದಿರೋ ಕೆಲಸಗಳ ಸಿನಾಪ್ಸಿಸ್ ಇರ್ತವೆ, ಈಗ ಯಾರು ಏನ್ ಮಾಡ್ತಿದಾರೆ ಅಂತ ಗೊತ್ತಾಗೋದು ಅಲ್ಲಿಂದಾನೇ. ಹಳೇ ಥೀಸಿಸ್ ಎಲ್ಲ ಸ್ಕ್ಯಾನ್ ಆಗಿಲ್ಲ, ಹಂಗಾಗಿ ಒಂದು ದಿನ ಬಸ್ ಹತ್ತಿ ಲೈಬ್ರರಿಗೆ ಹೋಗಿ ಕಪಾಟು ನೋಡಿ ಬರೋದು ವೇಸ್ಟ್ ಅಲ್ಲ.

ಗೂಗಲ್ ಸ್ಕಾಲರ್‌ನಲ್ಲಿ ಆ ಪೇಪರಿನ ಕೆಳಗೆ ಯಾರ್ಯಾರು ಅದನ್ನ ಉಲ್ಲೇಖ ಮಾಡಿದಾರೆ ಅಂತ ಲಿಂಕ್ ಇರ್ತದೆ, ಒತ್ತಿ ನೋಡ್ರಿ. ಅಲರ್ಟ್ ಇಟ್ಕೊಳ್ರಿ, ನಿಮ್ಮ ಪದಗಳಲ್ಲಿ ಹೊಸದು ಬಂದ ತಕ್ಷಣ ಮೇಲ್ ಬರ್ತದೆ. ಇದನ್ನ ಮೊದಲ ವರ್ಷವೇ ಮಾಡಿದ್ರೆ ಈ ಲೇಖನ ಓದೋ ಪ್ರಮೇಯ ಕಮ್ಮಿ.

6. ಗೈಡ್ ಹತ್ರ ಹೋಗ್ರಿ, ಖಾಲಿ ಕೈಯಲ್ಲಿ ಬ್ಯಾಡ

ನನ್ನ ಜೊತೆಯವ್ರೊಬ್ರು ಆರು ತಿಂಗಳು ಮುಚ್ಚಿಟ್ಟಿದ್ರು, ಗೈಡ್ ಬೈತಾರೆ ಅಂತ. ಕಡೆಗೆ ಕಲೋಕ್ವಿಯಂನಲ್ಲಿ, ಅಂದ್ರೆ ಥೀಸಿಸ್ ಕೊಡೋ ಮುಂಚೆ ಎಲ್ಲರ ಎದುರು ಮಾಡೋ ಪ್ರೆಸೆಂಟೇಷನ್‌ನಲ್ಲಿ, ಹೊರಗಿಂದ ಬಂದ ಎಕ್ಸ್‌ಪರ್ಟು ಆ ಪೇಪರ್ ಪ್ರಿಂಟ್ ತಗೊಂಡೇ ಬಂದಿದ್ರು. ಆ ಕೋಣೆಯಲ್ಲಿ ಅವ್ರ ಮುಖ ನೋಡೋಕಾಗ್ಲಿಲ್ಲ, ಗೈಡಿಗೂ ಗೊತ್ತಿರಲಿಲ್ಲವಲ್ಲ, ಅವ್ರು ಹೆಂಗೆ ಕೈ ಹಿಡೀತಾರೆ? ಹಂಗೆ ಯಾರಿಗೂ ಆಗ್ಬಾರ್ದು.

ಪಿಡಿಎಫ್ ಪ್ರಿಂಟ್, ಆ ಮೂರು ಕಾಲಂ ಹಾಳೆ ಎರಡೂ ತಗೊಂಡು ಹೋಗಿ, "ಸರ್ (ಇಲ್ಲಾ ಮೇಡಂ), ಈ ಪೇಪರ್ ಸಿಕ್ಕಿದೆ, ಇಷ್ಟು ಒಂದೇ ಐತೆ, ಇಷ್ಟು ಬೇರೆ ಐತೆ, ಎರಡನೇ ಉದ್ದೇಶ ಹಿಂಗೆ ಬದ್ಲಾಯಿಸ್ಲಾ ಅಂತ ಯೋಚ್ನೆ ಮಾಡಿದೀನಿ, ನೀವ್ ಹೇಳ್ರಿ" ಅನ್ರಿ. ದಾರಿ ಸಮೇತ ಹೋದ ಸ್ಟೂಡೆಂಟ್ ಮೇಲೆ ಸಿಟ್ಟು ಮಾಡೋ ಗೈಡ್ ಕಮ್ಮಿ. ಒಪ್ಪಿದ ಮೇಲೆ ಸಲಹಾ ಸಮಿತಿ ಮುಂದಿನ ಮೀಟಿಂಗ್‌ನಲ್ಲಿ ಅದನ್ನ ಹೇಳಿ ನಡಾವಳಿಯಲ್ಲಿ ಬರೆಸ್ರಿ. ಬಾಯಿಮಾತು ಸಾಲದು, ಕಾಗದದಲ್ಲಿ ಇರಬೇಕು.

7. ಥೀಸಿಸ್ಸಲ್ಲಿ ಅವರ ಹೆಸರು ಎದ್ದು ಕಾಣೋ ಹಂಗೆ ಬರೀರಿ

ಮುಚ್ಚಿಡೋ ಆಸೆ ಬರ್ತದೆ, ಬ್ಯಾಡ. ಅವರ ಕೆಲಸ ಲಿಟರೇಚರ್ ರಿವ್ಯೂನಲ್ಲಿ, ಅಂದ್ರೆ ಹಿಂದಿನವ್ರ ಕೆಲಸದ ಪರಿಶೀಲನೆ ಅಧ್ಯಾಯದಲ್ಲಿ, ಒಂದು ಪೂರ್ತಿ ಪ್ಯಾರಾ ತಗೊಳ್ಲಿ. ಅವ್ರು ಏನ್ ತೋರ್ಸಿದ್ರು, ಹೆಂಗೆ, ಎಲ್ಲಿಗೆ ನಿಲ್ಲಿಸಿದ್ರು, ನಾನು ಎಲ್ಲಿಂದ ಶುರು ಮಾಡ್ತೀನಿ. ಆಮೇಲೆ ರಿಸಲ್ಟ್ಸ್ ಅಧ್ಯಾಯದಲ್ಲೂ ನಿಮ್ಮ ಅಂಕಿ ಪಕ್ಕ ಅವರ ಅಂಕಿ ಇಡ್ರಿ.

ಇಲ್ಲಿ ಎರಡು ಬೇರೆ ಬೇರೆ ವಿಷ್ಯ ಜನ ಕಲಸ್ತಾರೆ. ಐಡಿಯಾ ಹೋಲೋದು ಒಂದು, ವಾಕ್ಯ ಹೋಲೋದು ಇನ್ನೊಂದು. ಹೋಲಿಕೆ ಪತ್ತೆ ಮಾಡೋ ಸಾಫ್ಟ್‌ವೇರ್ ಹಿಡಿಯೋದು ಎರಡನೇದನ್ನ. ಯುಜಿಸಿಯ 2018ರ ನಿಯಮದಲ್ಲಿ ಹೋಲಿಕೆ 10 ಪರ್ಸೆಂಟ್ ತನಕ ಇದ್ರೆ ಶಿಕ್ಷೆ ಇಲ್ಲ. 10ರಿಂದ 40 ಆದ್ರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 40ರಿಂದ 60 ಆದ್ರೆ ಒಂದು ವರ್ಷ ತಿದ್ದಿದ ಪ್ರತಿ ಕೊಡಂಗಿಲ್ಲ. 60 ದಾಟಿದ್ರೆ ರಿಜಿಸ್ಟ್ರೇಷನ್ನೇ ರದ್ದು. ಉಲ್ಲೇಖ ಕೊಟ್ಟು ಉದ್ಧರಿಸಿದ ಮಾತು, ಗ್ರಂಥಸೂಚಿ, ಸಾಮಾನ್ಯ ಪದಗಳು ಲೆಕ್ಕಕ್ಕೆ ಬರಲ್ಲ. ಹಂಗಂತ ಸಾಫ್ಟ್‌ವೇರಲ್ಲಿ 6 ಪರ್ಸೆಂಟ್ ಬಂತು ಅಂತ ಐಡಿಯಾ ಕದ್ದದ್ದು ತೊಳೆದು ಹೋಗಲ್ಲ, ಅವ್ರ ಪೇಪರ್ ಪಕ್ಕದಲ್ಲಿ ಇಟ್ಕೊಂಡು ಪದ ಮಾತ್ರ ತಿರುಗಿಸಿ ಬರೆಯೋದೂ ಕಳ್ಳತನಾನೇ. ಆ ಪೇಪರ್ ಮುಚ್ಚಿಟ್ಟು ನಿಮ್ಮ ನೋಟ್‌ಬುಕ್ಕಿಂದ ಬರೀರಿ.

ತಾರೀಖು ಮಾತ್ರ ಯಾವ ಕಾರಣಕ್ಕೂ ತಿದ್ದಬ್ಯಾಡ್ರಿ. ನಾನೇ ಮೊದ್ಲು ಅಂತ ತೋರ್ಸೋಕೆ ಫೀಲ್ಡ್ ಬುಕ್ಕಿನ ಹಿಂದಿನ ಪುಟಕ್ಕೆ ಹೊಸದು ಸೇರಿಸಿದ್ರೆ, ಅಲ್ಲಿ ತನಕ ಸತ್ಯವಾಗಿದ್ದ ಕೆಲಸವೂ ಅನುಮಾನಕ್ಕೆ ಬೀಳ್ತದೆ.

8. ನಿಮ್ಮ ಪೇಪರ್ ಜರ್ನಲ್‌ಗೆ ಕಳಿಸೋದು

ಎರಡನೆಯವ್ರಿಗೆ ಜಾಗ ಇಲ್ಲ ಅನ್ನೋದು ಪೂರ್ತಿ ನಿಜ ಅಲ್ಲ. ಪ್ಲಾಸ್ ಬಯಾಲಜಿ ಜರ್ನಲ್ 2018ರಲ್ಲೇ ಹೇಳ್ತು, ಹೋಲುವ ಪೇಪರ್ ಬಂದು ಆರು ತಿಂಗಳೊಳಗೆ ನೀವು ಕಳಿಸಿದ್ರೆ ಹಳೇದು ಅಂತ ತಳ್ಳಲ್ಲ, ಒಂದು ಫಲಿತಾಂಶವನ್ನ ಇಬ್ರು ಸ್ವತಂತ್ರವಾಗಿ ಕಂಡ್ರೆ ಅದು ಗಟ್ಟಿ ಆಗ್ತದೆ ಅಂತ. ಪ್ರೊಟೀನ್ ರಚನೆ ಕಂಡುಹಿಡಿಯೋ ತಂಡಗಳ ಪೈಪೋಟಿ ಮೇಲೆ ಹಿಲ್ ಮತ್ತೆ ಸ್ಟೈನ್ ಅನ್ನೋ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದಾಗ, ಹಿಂದೆ ಬಿದ್ದ ತಂಡದ ಪೇಪರಿಗೆ ಸುಮಾರು 20 ಪರ್ಸೆಂಟ್ ಉಲ್ಲೇಖ ಕಮ್ಮಿ ಸಿಕ್ಕಿತ್ತು. ನಷ್ಟ ಐತೆ, ಆದ್ರೆ ನೀವು ಆ ರಾತ್ರಿ ಅಂದ್ಕೊಂಡಂಗೆ ಎಲ್ಲಾ ಹೋಗಲ್ಲ.

ಸಂಪಾದಕರಿಗೆ ಬರೆಯೋ ಕವರ್ ಲೆಟರ್‌ನಲ್ಲಿ ನೀವೇ ಆ ಪೇಪರ್ ಹೆಸರು ಹೇಳ್ರಿ, ಹೆಂಗೆ ಬೇರೆ ಅಂತ ಎರಡು ಮೂರು ಸಾಲಲ್ಲಿ ಬರೀರಿ. ಅವ್ರಾಗೇ ಹುಡುಕಿದ್ರೆ ಅನುಮಾನ, ನೀವಾಗೇ ಹೇಳಿದ್ರೆ ನಂಬಿಕೆ. ಗೈಡ್ ಒಪ್ಪಿದ್ರೆ, ಜರ್ನಲ್ ಬ್ಯಾಡ ಅನ್ನದಿದ್ರೆ ಪ್ರಿಪ್ರಿಂಟ್ ಹಾಕ್ರಿ, ತಾರೀಖು ಬಿತ್ತು ಅಂತ ಆಗ್ತದೆ. ಡೇಟಾನೂ ಝೆನೋಡೋ ಅನ್ನೋ ಆನ್‌ಲೈನ್ ಸಂಗ್ರಹದಲ್ಲಿ ಹಾಕಿದ್ರೆ ಫ್ರೀಯಾಗಿ ಡಿಒಐ ಸಿಗ್ತದೆ.

ಗಡಿಬಿಡಿಯಲ್ಲಿ ದುಡ್ಡು ಕೊಟ್ಟು ಮೂರು ದಿನದಲ್ಲಿ ಪಬ್ಲಿಷ್ ಮಾಡೋ ಜರ್ನಲ್‌ಗೆ ಮಾತ್ರ ಹೋಗಬ್ಯಾಡ್ರಿ. ಮೂರು ದಿನದಲ್ಲಿ ಯಾರೂ ಸರಿಯಾಗಿ ಓದಿರಲ್ಲ, ಒಮ್ಮೆ ಅಲ್ಲಿ ಬಂದ ಕೆಲಸವನ್ನ ಇನ್ನೊಂದು ಒಳ್ಳೇ ಕಡೆ ಕಳಿಸೋಕೂ ಆಗಲ್ಲ. ಒಪ್ಪಿಗೆ ಇರೋ ಜರ್ನಲ್‌ಗಳ ಯುಜಿಸಿ ಕೇರ್ ಪಟ್ಟಿನ 2025ರಲ್ಲಿ ನಿಲ್ಲಿಸಿದಾರೆ, ಹಂಗಾಗಿ "ಕೇರ್ ಲಿಸ್ಟೆಡ್" ಅಂತ ಈಗ ಯಾರಾದ್ರೂ ದುಡ್ಡು ಕೇಳಿದ್ರೆ ಫೋನ್ ಇಡ್ರಿ. 2022ರ ನಿಯಮದಲ್ಲಿ ಥೀಸಿಸ್ ಕೊಡೋಕೆ ಮುಂಚೆ ಪೇಪರ್ ಬಂದಿರಲೇಬೇಕು ಅಂತ ಯುಜಿಸಿ ಕಡೆಯಿಂದ ಕಡ್ಡಾಯ ಇಲ್ಲ, ನಿಮ್ಮ ಯೂನಿವರ್ಸಿಟಿ ನಿಯಮ ಏನು ಅಂತ ಪಿಎಚ್‌ಡಿ ಸೆಕ್ಷನ್‌ನಲ್ಲಿ ಕೇಳಿ ಆಮೇಲೆ ಅರ್ಜೆಂಟ್ ಮಾಡ್ರಿ.

9. ನಿಜವಾಗ್ಲೂ ಕದ್ದಿದಾರೆ ಅನ್ಸಿದ್ರೆ

ಹೋಲಿಕೆ ಇದ್ದ ಮಾತ್ರಕ್ಕೆ ಕಳ್ಳತನ ಆಗಲ್ಲ. ನಿಮ್ಮ ಟೇಬಲ್ ಅಂಕಿಗಳೇ, ನಿಮ್ಮ ತಪ್ಪು ಸ್ಪೆಲಿಂಗ್ ಸಮೇತ, ನಿಮ್ಮ ಫೋಟೋನೇ ಅಲ್ಲಿ ಇದ್ರೆ ವಿಷ್ಯ ಬೇರೆ. ಆಗ ಸೆಮಿನಾರ್‌ನಲ್ಲಿ ತೋರ್ಸಿದ ಪಿಪಿಟಿ, ಮೇಲ್, ಫೀಲ್ಡ್ ಬುಕ್ ಎಲ್ಲ ತಾರೀಖು ಪ್ರಕಾರ ಜೋಡಿಸಿ ಮೊದ್ಲು ಗೈಡಿಗೆ ತೋರ್ಸ್ರಿ. 2018ರ ನಿಯಮದ ಪ್ರಕಾರ ಪ್ರತಿ ವಿಭಾಗದಲ್ಲೂ ಒಂದು ಶೈಕ್ಷಣಿಕ ಪ್ರಾಮಾಣಿಕತೆ ಸಮಿತಿ, ಅದರ ಮೇಲೆ ಸಂಸ್ಥೆ ಮಟ್ಟದ ಇನ್ನೊಂದು ಇರಬೇಕು, ದೂರು ಅಲ್ಲಿಗೆ. ಜರ್ನಲ್ ಸಂಪಾದಕರಿಗೂ ಸಾಕ್ಷಿ ಸಮೇತ ಬರೀಬಹುದು. ಫೇಸ್‌ಬುಕ್ಕಲ್ಲಿ ಹೆಸರು ಹಾಕಿ ಬರೆದ್ರೆ ನಿಮ್ಮ ಕೇಸೇ ಹಾಳಾಗ್ತದೆ.

10. ಆ ಇನ್ನೊಬ್ರಿಗೆ ಒಂದು ಮೇಲ್ ಹಾಕ್ರಿ

ಇದನ್ನ ಹೆಚ್ಚಿನವ್ರು ಮಾಡೋದೇ ಇಲ್ಲ, ಹೆದರ್ತಾರೆ. ನಿಮ್ಮ ಟಾಪಿಕ್ ಬಗ್ಗೆ ನಿಮ್ಮಷ್ಟೇ ತಲೆ ಕೆಡಿಸ್ಕೊಂಡಿರೋರು ಅವ್ರೊಬ್ರೇ, ಮನೇಲಿ ಅಮ್ಮಂಗೂ ಅಷ್ಟು ಹೇಳೋಕೆ ಬರಲ್ಲ. ಗೈಡಿಗೆ ತಿಳಿಸಿ, ಚಿಕ್ಕದಾಗಿ ಬರೀರಿ: ನಾನು ಇಂಥವ್ರು, ಇಂಥ ಕಡೆ ಸಂಶೋಧನೆ ಮಾಡ್ತಿದೀನಿ, ನಿಮ್ಮ ಪೇಪರ್ ಪೂರ್ತಿ ಓದಿದೆ, ನಾನೂ ಅದೇ ತಾಲ್ಲೂಕಲ್ಲಿ ಮಳೆಗಾಲದ ನಂತರದ ಸ್ಯಾಂಪಲ್ ತಗೊಂಡಿದೀನಿ, ನೀವು ಹೋದ ಹಳ್ಳಿಗಳಲ್ಲಿ ಬೋರ್ ಆಳದ ಮಾಹಿತಿ ನಿಮ್ಮ ಹತ್ರ ಐತಾ? ಒಂದೇ ಒಂದು ಪ್ರಶ್ನೆ ಕೇಳ್ರಿ, ಉತ್ತರ ಕೊಡೋಕೆ ಸುಲಭ ಇರೋದು. ಇನ್ನೂ ಪಬ್ಲಿಷ್ ಆಗದಿರೋ ಡೇಟಾ ಮೊದಲ ಮೇಲ್‌ನಲ್ಲೇ ಕಳಿಸಬ್ಯಾಡ್ರಿ. ಹದಿನೈದು ದಿನ ಕಾದು ಉತ್ತರ ಬರದಿದ್ರೆ ಇನ್ನೊಂದ್ಸಲ ಹಾಕ್ರಿ, ಅಷ್ಟರಲ್ಲಿ ಆ ಹಾಳೆಯ ಬಲಗಡೆ ಕಾಲಂನಲ್ಲಿ "ನಂದು ಮಾತ್ರ" ಅಂತ ಬರೆದ ಮೊದಲ ಸಾಲಿನ ಕೆಲಸ ಶುರು ಮಾಡಿರ್ರಿ.